ರಾಡ್ ಕೊಳ್ಳುವ ಮೊದಲು ನೀರು ಯಾರದ್ದು ಅಂತ ಕೇಳಿ: ಅಮೆರಿಕದ ಗಾಳ, ಯುರೋಪಿನ ಗಾಳ

ಆಸ್ಟಿನ್‌ನಲ್ಲಿ ಏಳು ವರ್ಷ ಇದ್ದು ಇಂಗ್ಲೆಂಡಿನ ರೆಡಿಂಗ್‌ಗೆ ಬಂದಾಗ ನಾನು ಜೋಪಾನವಾಗಿ ಹೊತ್ತು ತಂದದ್ದು ಎರಡು ರಾಡು, ಎರಡು ರೀಲು, ಒಂದು ಡಬ್ಬಿ ತುಂಬ ರಬ್ಬರ್ ಹುಳು. ಮೊದಲ ಭಾನುವಾರವೇ ಊರಾಚೆಯ ಒಂದು ಕೆರೆಗೆ ಹೋದೆ. ದಿನದ ಟಿಕೆಟ್ ತಗೊಂಡು ಗಾಳ ಹಾಕುವ ಕೆರೆ ಅದು. ಅಲ್ಲಿಯ ಮೇಲ್ವಿಚಾರಕರು ಬಂದು ನನ್ನ ಸಾಮಾನನ್ನೆಲ್ಲ ಒಮ್ಮೆ ನೋಡಿದರು. "ಮ್ಯಾಟ್ ಎಲ್ಲಿ? ಬಲೆ ಎಲ್ಲಿ?" ಅಂತ ಕೇಳಿದರು. ಮ್ಯಾಟ್ ಅಂದರೆ ಹಿಡಿದ ಮೀನನ್ನು ಮಲಗಿಸುವ ಮೆತ್ತನೆ ಹಾಸು. ಅದಿಲ್ಲದೆ ಆ ಕೆರೆಯಲ್ಲಿ ಗಾಳ ಬಿಡುವಂತಿಲ್ಲ. ಟೆಕ್ಸಾಸ್‌ನಲ್ಲಿ ಏಳು ವರ್ಷದಲ್ಲಿ ಒಬ್ಬರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಆಮೇಲಿಂದ ಅಮೆರಿಕಕ್ಕೋ ಯುರೋಪಿಗೋ ಕೆಲಸಕ್ಕೆ ಹೋಗುವ ನಮ್ಮವರು ತುಂಬ ಜನ ನನ್ನನ್ನು ಕೇಳಿದ್ದಾರೆ: ಗಾಳ ಹಾಕೋಕೆ ಏನು ತಗೊಳ್ಳಲಿ, ಅಲ್ಲಿನ ಸಾಮಾನು ಇಲ್ಲಿಗೆ ನಡೆಯುತ್ತಾ, ಯಾವುದು ಒಳ್ಳೆಯದು? ಅವರಿಗೆಲ್ಲ ನಾನು ಹೇಳುವುದು ಒಂದೇ. ಅಂಗಡಿಗೆ ಹೋಗುವ ಮೊದಲು ಆ ನೀರು ಯಾರದ್ದು ಅಂತ ತಿಳಿದುಕೊಳ್ಳಿ. ಹಿಡಿದ ಮೀನನ್ನು ಬಿಡಬೇಕೋ ಒಯ್ಯಬೇಕೋ ಅಂತಲೂ ತಿಳಿದುಕೊಳ್ಳಿ. ರಾಡಿನ ಉದ್ದ, ರೀಲಿನ ಜಾತಿ, ಎರೆ, ಕುರ್ಚಿ ಎಲ್ಲವೂ ಆ ಎರಡು ಉತ್ತರದಿಂದಲೇ ಬರುತ್ತವೆ.

ನೀರು ಯಾರದ್ದು

ಅಮೆರಿಕದಲ್ಲಿ ದೊಡ್ಡ ಕೆರೆ, ಜಲಾಶಯ, ನದಿಗಳಲ್ಲಿ ಬಹುಪಾಲು ಸಾರ್ವಜನಿಕರದ್ದು. ರಾಜ್ಯ ಸರ್ಕಾರದ ಲೈಸೆನ್ಸ್ ಒಂದಿದ್ದರೆ ಆ ರಾಜ್ಯದ ಸಾರ್ವಜನಿಕ ನೀರಲ್ಲೆಲ್ಲ ಗಾಳ ಹಾಕಬಹುದು. ಟೆಕ್ಸಾಸ್‌ನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಬೇಕು. ಸಿಹಿನೀರಿನದ್ದು ಅಲ್ಲಿ ವಾಸ ಇರುವವರಿಗೆ ವರ್ಷಕ್ಕೆ ಸುಮಾರು 30 ಡಾಲರ್. ಬೇರೆ ರಾಜ್ಯದಿಂದ ಬಂದವರಿಗೆ ಜಾಸ್ತಿ. ಟೆಕ್ಸಾಸ್‌ನ ಸ್ಟೇಟ್ ಪಾರ್ಕ್‌ಗಳಲ್ಲಿ ದಡದಿಂದ ಗಾಳ ಹಾಕೋಕೆ ಲೈಸೆನ್ಸೂ ಬೇಡ. ಆಸ್ಟಿನ್ ಊರೊಳಗೇ ಇರುವ ಮೆಕಿನ್ನಿ ಫಾಲ್ಸ್ ಪಾರ್ಕ್‌ನಲ್ಲಿ ನಾನು ಶುರು ಮಾಡಿದ್ದೇ ಹಾಗೆ. ಜೂನ್ ತಿಂಗಳ ಮೊದಲ ಶನಿವಾರ ಇಡೀ ರಾಜ್ಯದಲ್ಲಿ ಯಾರಿಗೂ ಲೈಸೆನ್ಸ್ ಬೇಡ. ಹೊಸಬರು ಅವತ್ತು ಹೋಗಿ ನೋಡಬಹುದು. ಮೊಂಟಾನಾದಲ್ಲಿ 1985ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಕ್ಕಪಕ್ಕದ ಜಮೀನು ಖಾಸಗಿಯಾದರೂ, ಸಾರ್ವಜನಿಕ ಜಾಗದಿಂದ ನದಿಗೆ ಇಳಿದರೆ, ನೀರು ಏರುವ ಗೆರೆಯೊಳಗೆ ನಡೆದುಕೊಂಡು ಹೋಗಿ ಯಾರು ಬೇಕಾದರೂ ಗಾಳ ಹಾಕಬಹುದು.

ಇದಕ್ಕೆ ದುಡ್ಡು ಎಲ್ಲಿಂದ? ಲೈಸೆನ್ಸ್‌ನಿಂದ ಒಂದಷ್ಟು. ಇನ್ನೊಂದಷ್ಟು ನೀವು ಕೊಳ್ಳುವ ರಾಡಿನಿಂದಲೇ ಬರುತ್ತದೆ. 1950ರ ಒಂದು ಕೇಂದ್ರ ಕಾನೂನಿನ ಪ್ರಕಾರ ಗಾಳದ ಸಾಮಾನಿನ ಮೇಲೆ ಶೇ. 10ರಷ್ಟು ತೆರಿಗೆ ಇದೆ. ಆ ದುಡ್ಡು ರಾಜ್ಯಗಳಿಗೆ ಹಂಚಿಹೋಗಿ ಮೀನುಮರಿ ಬಿಡೋಕೆ, ದೋಣಿ ಇಳಿಸುವ ಜಾಗ ಕಟ್ಟೋಕೆ ಖರ್ಚಾಗುತ್ತದೆ. ಗಾಳ ಹಾಕುವವರ ದುಡ್ಡು ಗಾಳ ಹಾಕುವ ನೀರಿಗೇ ವಾಪಸ್ ಬರುವ ಈ ಏರ್ಪಾಡು ನನಗೆ ತುಂಬ ಇಷ್ಟ.

ಇಂಗ್ಲೆಂಡಿನಲ್ಲಿ ಕತೆಯೇ ಬೇರೆ. ಇಲ್ಲಿ ಎರಡು ಅನುಮತಿ ಬೇಕು. ಹೊಸಬರು ಎಡವುವುದು ಇಲ್ಲೇ. ಒಂದು, ಸರ್ಕಾರದ ಎನ್ವಿರಾನ್ಮೆಂಟ್ ಏಜೆನ್ಸಿ ಕೊಡುವ ರಾಡ್ ಲೈಸೆನ್ಸ್. 13 ವರ್ಷದಿಂದ ಬೇಕು, 16ರವರೆಗೆ ಪುಕ್ಕಟೆ. ದೊಡ್ಡವರಿಗೆ ವರ್ಷಕ್ಕೆ 35–40 ಪೌಂಡ್ ಆಸುಪಾಸು. ಎರಡನೆಯದು ಆ ನೀರಿನ ಯಜಮಾನರ ಅನುಮತಿ. ಹೊಳೆಯ ದಡ ಯಾರದ್ದೋ ಗಾಳದ ಹಕ್ಕೂ ಸಾಮಾನ್ಯವಾಗಿ ಅವರದ್ದೇ. ಅವರು ಅದನ್ನು ಕ್ಲಬ್ಬಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ನೀವು ಕ್ಲಬ್ ಸೇರಬೇಕು, ಇಲ್ಲ ದಿನದ ಟಿಕೆಟ್ ತಗೋಬೇಕು. ಸಾಧಾರಣ ಕೆರೆಗೆ ದಿನಕ್ಕೆ 10 ಪೌಂಡ್ ಸುತ್ತಮುತ್ತ. ಹ್ಯಾಂಪ್‌ಶೈರ್‌ನ ಟೆಸ್ಟ್ ನದಿಯ ಒಳ್ಳೆಯ ಜಾಗದಲ್ಲಿ ಟ್ರೌಟ್ ಹಿಡಿಯೋಕೆ ದಿನಕ್ಕೆ ನೂರಾರು ಪೌಂಡ್. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೂ ಹೋಗಬಹುದು. ಮೇಲಾಗಿ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಿಗೆ ರಜೆ. ಮೀನು ಮೊಟ್ಟೆಯಿಡುವ ಕಾಲ ಅಂತ ಗೆಂಡೆ, ರೋಚ್, ಪೈಕ್ ಯಾವುದನ್ನೂ ಹೊಳೆಯಲ್ಲಿ ಹಿಡಿಯುವಂತಿಲ್ಲ. ಹೆಚ್ಚಿನ ಕೆರೆ, ಕಾಲುವೆಗಳಿಗೆ ಈ ರಜೆ ಇಲ್ಲ. ಜೂನ್ 16ರ ಬೆಳಗಿನ ಜಾವ ಕೆನೆಟ್ ನದಿಯ ದಡಕ್ಕೆ ಬನ್ನಿ. ಕತ್ತಲಲ್ಲೇ ಟಾರ್ಚ್ ಹಿಡಿದು ಜಾಗ ಹುಡುಕುವವರನ್ನು ಕಾಣುತ್ತೀರಿ. ಇಲ್ಲಿನವರಿಗೆ ಅದು ಹಬ್ಬ.

ಜರ್ಮನಿಗೆ ಹೋಗುವವರು ಇನ್ನೂ ಮುಂಚೆ ತಯಾರಾಗಬೇಕು. ಅಲ್ಲಿ ಪರೀಕ್ಷೆ ಪಾಸಾಗಬೇಕು. ಬವೇರಿಯಾದಲ್ಲಿ ಮೊದಲು 30 ಗಂಟೆಯ ತರಗತಿ. ಆಮೇಲೆ 60 ಪ್ರಶ್ನೆ, ಅದರಲ್ಲಿ ಕನಿಷ್ಠ 45 ಸರಿ ಬರಬೇಕು. ಮೀನಿನ ರೆಕ್ಕೆ, ನೀರಿನ ಗುಣ, ಸಾಮಾನು, ಕಾನೂನು ಎಲ್ಲವನ್ನೂ ಕೇಳುತ್ತಾರೆ. ಮ್ಯೂನಿಕ್‌ನ ಸ್ನೇಹಿತರೊಬ್ಬರು ಭಾಷೆ ಕಲಿಯುತ್ತಲೇ ಇದನ್ನು ಓದಿ ಪಾಸಾದರು. ಅನುಮತಿ ಇಲ್ಲದೆ ಗಾಳ ಹಾಕುವುದು ಅಲ್ಲಿ ದಂಡ ಸಂಹಿತೆಯಲ್ಲೇ ಬರುವ ಅಪರಾಧ, ನೆನಪಿಡಿ. ಪರೀಕ್ಷೆ ಬೇಡ ಅನ್ನುವವರಿಗೆ ಒಂದು ದಾರಿ ಇದೆ: ಉತ್ತರದ ಮೆಕ್ಲೆನ್‌ಬರ್ಗ್ ಕಡೆ ಪ್ರವಾಸಿಗರಿಗೆ 28 ದಿನದ ಪರವಾನಗಿ ಸಿಗುತ್ತದೆ.

ನೆದರ್‌ಲ್ಯಾಂಡ್ಸ್ ಸಲೀಸು. ಅಲ್ಲಿ ಕ್ಲಬ್ ಸೇರಿ ಫಿಸ್‌ಪಾಸ್ ಅನ್ನುವ ಕಾರ್ಡ್ ತಗೊಂಡರೆ ದೇಶದ ಎಷ್ಟೋ ಕಾಲುವೆ, ಕೆರೆಗಳು ತೆರೆಯುತ್ತವೆ. ಪರೀಕ್ಷೆ ಇಲ್ಲ. ಸ್ವೀಡನ್ ಇನ್ನೂ ಉದಾರ. ವೇನರ್ನ್, ವೆಟರ್ನ್, ಮೇಲಾರೆನ್ ಸೇರಿ ಐದು ದೊಡ್ಡ ಸರೋವರಗಳಲ್ಲಿ, ಮತ್ತೆ ಸಮುದ್ರತೀರದಲ್ಲಿ ಕೈಗಾಳಕ್ಕೆ ದುಡ್ಡೇ ಇಲ್ಲ. ಹಾಗಾಗಿ "ಯುರೋಪ್" ಅಂತ ಒಂದೇ ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ. ನೀವು ಯಾವ ದೇಶ ಅನ್ನುವುದು ಮೊದಲು.

ನಡೆಯುವ ರಾಡು, ಕೂರುವ ರಾಡು

ಈಗ ಸಾಮಾನಿಗೆ ಬರೋಣ. ಟೆಕ್ಸಾಸ್‌ನ ಲೇಕ್ ಫೋರ್ಕ್‌ನಂಥ ಜಲಾಶಯ ಸಾವಿರಾರು ಎಕರೆ ಇರುತ್ತದೆ. ಮೀನು ಎಲ್ಲಿದೆ ಅಂತ ನೀವೇ ಹುಡುಕಿಕೊಂಡು ಹೋಗಬೇಕು. ಅದಕ್ಕೇ ದೋಣಿ, ಅದಕ್ಕೇ ಮೀನು ತೋರಿಸುವ ಸೋನಾರ್ ಪರದೆ. ಅದಕ್ಕೇ ನಿಮಿಷಕ್ಕೆ ಎರಡು ಸಲ ಎಸೆದು ಎಳೆಯುವ ಲೂರ್, ಅಂದರೆ ನಕಲಿ ಎರೆ. ಇಡೀ ದಿನ ಎಸೆಯಬೇಕಾದರೆ ರಾಡು ಗಿಡ್ಡ ಇರಬೇಕು, ಹಗುರ ಇರಬೇಕು. ಹಾಗಾಗಿ ಅಮೆರಿಕದ ಸಾಮಾನ್ಯ ರಾಡು ಆರೂವರೆಯಿಂದ ಏಳೂವರೆ ಅಡಿ. ಅದರ ಮೇಲೆ ಮೀಡಿಯಂ, ಮೀಡಿಯಂ ಹೆವಿ ಅಂತ ಬಲ ಬರೆದಿರುತ್ತಾರೆ. ಫಾಸ್ಟ್ ಅಂತಿದ್ದರೆ ತುದಿ ಮಾತ್ರ ಬಾಗುತ್ತದೆ ಅಂತ ಅರ್ಥ.

ಇಂಗ್ಲೆಂಡಿನ ಕೆರೆ ಎರಡು ಎಕರೆ, ಐದು ಎಕರೆ. ದಡದಲ್ಲಿ ಹಲಗೆ ಹಾಕಿ ನಂಬರ್ ಕೊಟ್ಟಿರುತ್ತಾರೆ, ಅದಕ್ಕೆ ಪೆಗ್ ಅಂತ ಹೆಸರು. ನಿಮ್ಮ ಜಾಗ ಅದು. ಹೆಚ್ಚಾಗಿ ದಿನವಿಡೀ ಅಲ್ಲೇ ಕೂರುತ್ತೀರಿ. ಮೀನೇ ನಿಮ್ಮ ಹತ್ತಿರ ಬರಬೇಕು. ಅದಕ್ಕೆ ಮೇವು ಹಾಕಿ ಕರೆಯುತ್ತಾರೆ. ರಾಡು ಎಸೆಯುವ ಕೆಲಸ ಕಮ್ಮಿ, ಕಾಯುವ ಕೆಲಸ ಜಾಸ್ತಿ. ಹಾಗಾಗಿ ರಾಡು ಉದ್ದ. ಗೆಂಡೆಗೆ 12 ಅಡಿ, ಬೆಂಡು ಬಿಡೋಕೆ 13 ಅಡಿ, ಫೀಡರ್‌ಗೆ, ಅಂದರೆ ದಾರಕ್ಕೆ ಮೇವಿನ ಪುಟ್ಟ ಬುಟ್ಟಿ ಕಟ್ಟಿ ಎಸೆಯೋಕೆ, 10–11 ಅಡಿ. ಫೀಡರ್ ರಾಡಿನ ತುದಿ ದರ್ಭೆಕಡ್ಡಿಯಷ್ಟು ತೆಳ್ಳಗಿರುತ್ತದೆ. ಮೀನು ಮೇವನ್ನು ಮೂಸಿದರೂ ಆ ತುದಿ ನಡುಗುತ್ತದೆ. ಗೆಂಡೆಯ ರಾಡಿನ ಮೇಲೆ ಬರೆಯುವ ಲೆಕ್ಕವೂ ಬೇರೆ: 'ಟೆಸ್ಟ್ ಕರ್ವ್ 3 ಪೌಂಡ್' ಅಂದರೆ ರಾಡಿನ ತುದಿ ಲಂಬಕೋನಕ್ಕೆ ಬಾಗೋಕೆ 3 ಪೌಂಡ್ ತೂಕ ಎಳೆಯಬೇಕು ಅಂತ.

ಪೋಲ್ ಅಂತ ಇನ್ನೊಂದು ಇದೆ. ರೀಲೇ ಇಲ್ಲದ ರಾಡು, 13ರಿಂದ 16 ಮೀಟರ್ ಉದ್ದ. ಕಾರ್ಬನ್ ತುಂಡುಗಳನ್ನು ಒಂದರೊಳಗೊಂದು ಸೇರಿಸುತ್ತಾ ನೀರಿನ ಮೇಲೆ ಚಾಚುತ್ತಾರೆ. ಒಳಗೆ ಎಲಾಸ್ಟಿಕ್ ಇರುತ್ತದೆ, ಮೀನು ಎಳೆದರೆ ಅದು ಹಿಗ್ಗುತ್ತದೆ. ಇದರ ಚಿಕ್ಕ ತಮ್ಮ ವಿಪ್, ನಾಲ್ಕೈದು ಮೀಟರಿನದ್ದು, ತುದಿಗೆ ನೇರ ದಾರ ಕಟ್ಟುವುದು. ಅದನ್ನು ಮೊದಲು ಕೈಗೆ ತಗೊಂಡಾಗ ನನಗೆ ಮಾತೇ ಹೊರಡಲಿಲ್ಲ. ನಮ್ಮೂರ ಕೆರೆಯ ಬಿದಿರು ಕಡ್ಡಿಯೇ ಅದು! ನಾವು ಜೋಳದ ದಂಟಿನ ಬೆಂಡು ಕಟ್ಟುತ್ತಿದ್ದೆವು, ಇಲ್ಲವೇ ನವಿಲುಗರಿಯ ಕಡ್ಡಿ. ಇಲ್ಲಿನ ಹಳೆಯ ಗಾಳಗಾರರೂ ನವಿಲುಗರಿಯ ಕಡ್ಡಿಯಿಂದಲೇ ಬೆಂಡು ಮಾಡುತ್ತಾರೆ. ಪಕ್ಕದ ಪೆಗ್‌ನಲ್ಲಿದ್ದ ಹಿರಿಯರು ತಮ್ಮ ಡಬ್ಬಿ ತೆಗೆದು ಒಂದು ತೋರಿಸಿದರು. ಬಿಳಿ ಕಡ್ಡಿ, ತುದಿಗೆ ಕಿತ್ತಳೆ ಬಣ್ಣ, ಬುಡಕ್ಕೆ ಒಂದು ಸೀಸದ ಗುಂಡು.

ಅಳತೆಯ ಗೊಂದಲ ಒಂದಿದೆ, ಈಗಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಲೂರಿನ ತೂಕ ಔನ್ಸ್‌ನಲ್ಲಿ, ದಾರ ತಡೆಯುವ ಭಾರ ಪೌಂಡಿನಲ್ಲಿ. ಯುರೋಪಿನ ಮುಖ್ಯ ಭೂಮಿಯಲ್ಲಿ ತೂಕ ಗ್ರಾಮಿನಲ್ಲಿ, ದಾರದ ದಪ್ಪ ಮಿಲಿಮೀಟರಿನಲ್ಲಿ. ಇಂಗ್ಲೆಂಡಿನಲ್ಲಿ ಎರಡೂ ಕಲಸಿದೆ. ಕಾಲು ಔನ್ಸ್ ಅಂದರೆ 7 ಗ್ರಾಂ, ಅರ್ಧ ಅಂದರೆ 14, ಒಂದು ಔನ್ಸ್ 28. ನೈಲಾನ್ ದಾರದಲ್ಲಿ 10 ಪೌಂಡ್ ಅಂದರೆ ಹೆಚ್ಚುಕಡಿಮೆ 0.28 ಮಿಲಿಮೀಟರ್. ಇಷ್ಟು ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಸಾಕು.

ಗಡಿಯಾರದ ರೀಲು, ನೂಲಿನ ರೀಲು

ರೀಲಿನ ವಿಷಯದಲ್ಲಿ ನನಗೆ ಜಾಸ್ತಿ ಆಸಕ್ತಿ. ಯಾಕೆಂದರೆ ಎರಡು ಖಂಡದ ಕೈಕೆಲಸದ ಚರಿತ್ರೆಯೇ ಅದರಲ್ಲಿದೆ. ಅಮೆರಿಕದವರು ಬೇಟ್‌ಕಾಸ್ಟರ್ ಅನ್ನುವ ರೀಲು ರಾಡಿನ ಮೇಲೆ ಕೂರುತ್ತದೆ. ಎಸೆದಾಗ ಅದರ ಉರುಳೆ ತಿರುಗಿ ದಾರ ಬಿಡುತ್ತದೆ. ಈ ಜಾತಿಯ ರೀಲನ್ನು ಅಮೆರಿಕದಲ್ಲಿ ಶುರು ಮಾಡಿದವರು ಕೆಂಟಕಿಯ ಪ್ಯಾರಿಸ್ ಅನ್ನುವ ಊರಿನ ಗಡಿಯಾರ ಮಾಡುವ ಜಾರ್ಜ್ ಸ್ನೈಡರ್, 19ನೇ ಶತಮಾನದ ಆರಂಭದಲ್ಲಿ. ಗಡಿಯಾರದ ಹಲ್ಲುಚಕ್ರವನ್ನೇ ರೀಲಿಗೆ ಹಾಕಿದರು. ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುತ್ತದೆ.

ಸ್ಪಿನಿಂಗ್ ರೀಲು ರಾಡಿನ ಕೆಳಗೆ ನೇತಾಡುತ್ತದೆ. ಅದರ ಉರುಳೆ ತಿರುಗುವುದೇ ಇಲ್ಲ. ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಗಿರಣಿಯಲ್ಲಿ ನೂಲು ಉರುಳೆಯಿಂದ ಜಾರುತ್ತದಲ್ಲ, ಹಾಗೇ. ಇಂಥ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡವರು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಇಲ್ಲಿಂಗ್‌ವರ್ತ್. ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು.

ಯಾವುದು ನಿಮಗೆ? ಬೇಟ್‌ಕಾಸ್ಟರ್ ಗುರಿಗೆ ಸರಿಯಾಗಿ ಬೀಳುತ್ತದೆ, ದಪ್ಪ ದಾರ, ಭಾರದ ಲೂರ್ ಎರಡನ್ನೂ ತಡೆಯುತ್ತದೆ. ಆದರೆ ಉರುಳೆಯನ್ನು ಹೆಬ್ಬೆರಳಿಂದ ತಡೆಯೋದು ಕಲಿಯಬೇಕು. ತಡೆಯದಿದ್ದರೆ ದಾರ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಗಾಳಿಗೆ ಎದುರಾಗಿ ಹಗುರದ ಲೂರ್ ಎಸೆದರೆ ಇನ್ನೂ ಕಷ್ಟ. ಸ್ಪಿನಿಂಗ್ ರೀಲು ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ. ಎರಡೂ ಖಂಡದಲ್ಲಿ ನಡೆಯುತ್ತದೆ. ಒಂದೇ ರೀಲು ಕೊಳ್ಳುವವರಾದರೆ 2500 ಸೈಜಿನ ಸ್ಪಿನಿಂಗ್ ರೀಲು ಕೊಳ್ಳಿ, ಎರಡನೇ ಯೋಚನೆ ಬೇಡ. ಚಿಕ್ಕ ಮಕ್ಕಳಿಗೆ ಅಮೆರಿಕದಲ್ಲಿ ಜೆಬ್ಕೋ 33 ಇದೆ. ಗುಂಡಿ ಒತ್ತಿ ಎಸೆಯುವ ಮುಚ್ಚಿದ ರೀಲು ಅದು. 1954ರಿಂದಲೂ ಅದೇ ಹೆಸರಲ್ಲಿ ಬರುತ್ತಿದೆ. ಅಲ್ಲಿನ ಎಷ್ಟೋ ಅಜ್ಜಂದಿರ ಮೊದಲ ರೀಲು ಅದೇ, ಮೊಮ್ಮಕ್ಕಳದ್ದೂ ಅದೇ.

ಸಾಮಾನು ಸಮುದ್ರ ದಾಟಿ ಬೆರೆತಿರುವುದನ್ನೂ ಹೇಳಬೇಕು. ಅಮೆರಿಕದ ಪ್ರತಿ ಡಬ್ಬಿಯಲ್ಲೂ ಕಾಣುವ ರಪಾಲಾ ಲೂರ್ ಹುಟ್ಟಿದ್ದು 1936ರಲ್ಲಿ ಫಿನ್ಲೆಂಡಿನಲ್ಲಿ. ಲೌರಿ ರಪಾಲಾ ಅನ್ನುವ ಮೀನುಗಾರರು ಕಾರ್ಕ್ ಕೆತ್ತಿ, ಗಾಯಗೊಂಡ ಮೀನಿನಂತೆ ತೊನೆಯುವ ಹಾಗೆ ಮಾಡಿದರು. ಬಾಸ್ ಅನ್ನುವ ಮೀನು ಹಿಡಿಯುವ ಅಮೆರಿಕನ್ನರು ಎದೆಗಪ್ಪಿಕೊಂಡ ಆಂಬಸಡರ್ ರೀಲು ಸ್ವೀಡನ್ನಿನ ಸ್ವೆಂಗ್‌ಸ್ಟಾ ಊರಿನದ್ದು, 1952ರದ್ದು. ಹಾಗಾಗಿ ಅಮೆರಿಕದ ಲೂರ್ ಡಬ್ಬಿ ಯುರೋಪಿನಲ್ಲಿ ವ್ಯರ್ಥ ಅಂದುಕೊಳ್ಳಬೇಡಿ. ಪೈಕ್, ಪರ್ಚ್, ಜಾಂಡರ್ ಮೂರಕ್ಕೂ ಅದು ಸಾಕು. ಪೈಕ್ ಎರಡೂ ಕಡೆ ಒಂದೇ ಜಾತಿ. ಜಾಂಡರ್ ಅಂದರೆ ಅಮೆರಿಕದ ವಾಲೈ ಮೀನಿನ ದಾಯಾದಿ.

ಎರೆ: ರಬ್ಬರ್ ಹುಳು ಮತ್ತು ಬೇಯಿಸಿದ ಉಂಡೆ

ಟೆಕ್ಸಾಸ್ ನನಗೆ ಕಲಿಸಿದ ಮೊದಲ ಪಾಠ ಟೆಕ್ಸಾಸ್ ರಿಗ್. ದಾರಕ್ಕೆ ಗುಂಡಿನಾಕಾರದ ಸೀಸ ಪೋಣಿಸಿ, ಗಾಳ ಕಟ್ಟಿ, ಗಾಳದ ಮೊನೆಯನ್ನು ರಬ್ಬರ್ ಹುಳುವಿನ ಮೈಯೊಳಗೇ ಅಡಗಿಸಿಡುತ್ತಾರೆ. ಮೊನೆ ಹೊರಗಿಲ್ಲದ್ದರಿಂದ ಜೊಂಡು, ಮುಳುಗಿದ ಮರ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಬಾಸ್ ಕಚ್ಚಿದಾಗ ರಾಡು ಜೋರಾಗಿ ಎಳೆದರೆ ಮೊನೆ ರಬ್ಬರನ್ನು ಸೀಳಿ ಬಾಯಿಗೆ ಹತ್ತುತ್ತದೆ. ಟೆಕ್ಸಾಸ್‌ನ ಎಷ್ಟೋ ಜಲಾಶಯಗಳಲ್ಲಿ ಮುಳುಗಿದ ಮರಗಳು ನಿಂತೇ ಇವೆ. ಆ ನೀರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಯುರೋಪಿನ ಗೆಂಡೆ ಗಾಳ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊನೆ ಪೂರ್ತಿ ಹೊರಗೆ. ಎರೆ ಗಾಳದ ಮೇಲೆ ಇರುವುದೇ ಇಲ್ಲ. ಗಾಳದ ಬೆನ್ನಿಂದ ಹೊರಟ ಒಂದು ಸಣ್ಣ ಎಳೆಯಲ್ಲಿ ಎರೆ ನೇತಾಡುತ್ತದೆ. ಅದಕ್ಕೆ ಹೇರ್ ರಿಗ್ ಅನ್ನುತ್ತಾರೆ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂತು. ಗೆಂಡೆ ಕಚ್ಚುವ ಮೀನಲ್ಲ. ಅದು ಹೀರಿ, ನಾಲಿಗೆಗೆ ಸರಿ ಕಾಣದಿದ್ದರೆ ಉಗುಳುತ್ತದೆ. ಹೀರಿದಾಗ ಎರೆಯ ಜೊತೆ ಗಾಳವೂ ಬಾಯೊಳಗೆ ಹೋಗುತ್ತದೆ. ಉಗುಳಿದಾಗ ಎರೆ ಹೊರಗೆ ಬಂದರೂ ಗಾಳ ಕೆಳದುಟಿಗೆ ಸಿಕ್ಕುತ್ತದೆ. ಭಾರದ ಸೀಸ ತಡೆಯುತ್ತದೆ, ಮೀನು ಬೆದರಿ ಓಡುತ್ತದೆ, ಗಾಳ ಕಚ್ಚುತ್ತದೆ. ದಡದಲ್ಲಿ ರಾಡಿನ ಕೆಳಗಿಟ್ಟ ಅಲಾರಂ ಕೂಗುತ್ತದೆ. ರಾತ್ರಿ ಮೂರು ಗಂಟೆಗೆ ಟೆಂಟಿನೊಳಗೆ ಮಲಗಿದ್ದಾಗ ಆ ಸದ್ದು ಕೇಳಿದರೆ ಚಪ್ಪಲಿ ಹುಡುಕೋಕೂ ಕೈ ನಡುಗುತ್ತದೆ.

ಎರೆ ಯಾವುದು? ಬಾಯ್ಲಿ. ಹಿಟ್ಟು, ರವೆ, ಮೊಟ್ಟೆ ಕಲಸಿ ಉಂಡೆ ಕಟ್ಟಿ ಕುದಿಯುವ ನೀರಲ್ಲಿ ಬೇಯಿಸಿದ್ದು. ಬೆಂದ ಮೇಲೆ ಹೊರಗೆ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಸಣ್ಣ ಮೀನು ಕುಕ್ಕಿ ಪುಡಿ ಮಾಡೋಕಾಗುವುದಿಲ್ಲ, ದೊಡ್ಡ ಗೆಂಡೆ ಬರುವವರೆಗೆ ಉಳಿಯುತ್ತದೆ. ಇದನ್ನು ಕೇಳಿದಾಗ ನನಗೆ ಕಾವೇರಿಯೇ ನೆನಪಾಯಿತು. ಭೀಮೇಶ್ವರಿ, ಗಲಿಬೋರೆ ಕಡೆ ಮಹಶೀರ್‌ಗೆ ಗಾಳ ಹಾಕುತ್ತಿದ್ದ ಕಾಲದಲ್ಲಿ ನಮ್ಮವರು ರಾಗಿ ಹಿಟ್ಟಿನ ಉಂಡೆ ಬೇಯಿಸಿ ಗಾಳಕ್ಕೆ ಕಟ್ಟುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಗಾಳಗಾರರೂ ಅದನ್ನೇ ಬಳಸಿದರು. ಮಹಶೀರ್ ಗೆಂಡೆಯ ಬಳಗದ ಮೀನೇ ತಾನೇ. ಒಂದೇ ಬಳಗಕ್ಕೆ ಒಂದೇ ಅಡುಗೆ.

ಅಮೆರಿಕದಲ್ಲಿ ಇದೇ ಗೆಂಡೆಗೆ ಮರ್ಯಾದೆ ಕಮ್ಮಿ. 1877ರಲ್ಲಿ ಯುರೋಪಿನಿಂದ ತಂದು ಬಾಲ್ಟಿಮೋರ್‌ನ ಡ್ರೂಯಿಡ್ ಹಿಲ್ ಪಾರ್ಕಿನ ಕೊಳಕ್ಕೆ ಬಿಟ್ಟರು. ಊಟಕ್ಕಾಗಲಿ ಅಂತ ಸರ್ಕಾರವೇ ತಂದದ್ದು. ಈಗ ಎಲ್ಲ ಕಡೆ ಹರಡಿದೆ. ಬಹಳ ಜನ ಅದನ್ನು ಕಸ ಅನ್ನುತ್ತಾರೆ, ಬಾಣ ಬಿಟ್ಟು ಕೊಲ್ಲುತ್ತಾರೆ. ನನಗೆ ಅದು ನೋಡೋಕಾಗುವುದಿಲ್ಲ. ಆದರೆ ಆಸ್ಟಿನ್‌ನ ಲೇಡಿ ಬರ್ಡ್ ಲೇಕ್‌ನಲ್ಲಿ ದೊಡ್ಡ ಗೆಂಡೆಗೆ ರಕ್ಷಣೆ ಇದೆ. 33 ಇಂಚಿನ ಮೇಲಿನದ್ದು ದಿನಕ್ಕೆ ಒಂದೇ ಇಟ್ಟುಕೊಳ್ಳಬಹುದು. ಯುರೋಪಿನ ಗೆಂಡೆ ಸಾಮಾನು ಇರುವವರು ಅಮೆರಿಕಕ್ಕೆ ಹೋದರೆ ಸಂತೋಷಪಡಿ. ನ್ಯೂಯಾರ್ಕ್ ರಾಜ್ಯದ ಸೇಂಟ್ ಲಾರೆನ್ಸ್ ನದಿಯಲ್ಲಿ ದೊಡ್ಡ ಗೆಂಡೆ ತುಂಬಿವೆ, ಪೈಪೋಟಿ ಕಮ್ಮಿ.

ಮೀನು ಕೈಗೆ ಬಂದ ಮೇಲೆ

ಬಾಸ್ ಮೀನನ್ನು ಹೆಬ್ಬೆರಳು ಬಾಯೊಳಗಿಟ್ಟು ಕೆಳದುಟಿ ಹಿಡಿದು ಎತ್ತುತ್ತಾರೆ. ಅದರ ಹಲ್ಲು ಮರಳುಕಾಗದದಂತೆ ಒರಟು, ಅಷ್ಟೇ. ಒಳ್ಳೆಯ ದಿನ ಕಳೆದ ಮೇಲೆ ಹೆಬ್ಬೆರಳ ಚರ್ಮ ತರಿತರಿಯಾಗಿರುತ್ತದೆ, ಟೆಕ್ಸಾಸ್‌ನಲ್ಲಿ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ದೊಡ್ಡ ಮೀನಾದರೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ, ದವಡೆಗೆ ಭಾರ ಬೀಳಬಾರದು. ಪೈಕ್‌ಗೆ ಮಾತ್ರ ಹೀಗೆ ಮಾಡಲೇಬೇಡಿ, ಬೆರಳು ಹೋಗುತ್ತದೆ.

ಗೆಂಡೆಯನ್ನು ಹಿಡಿಯುವ ರೀತಿಯೇ ಬೇರೆ. ಮ್ಯಾಟ್ ಮೇಲೆ ನೀರು ಸುರಿಯಬೇಕು. ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಅಲ್ಲಿಂದ ರೋಗ ಹತ್ತುತ್ತದೆ. ಎದ್ದು ನಿಂತು ಫೋಟೋ ತೆಗೆಸಿಕೊಳ್ಳುವಂತಿಲ್ಲ. ಮಂಡಿಯೂರಿ, ಮೀನನ್ನು ಮ್ಯಾಟ್‌ಗೆ ಹತ್ತಿರವೇ ಹಿಡಿಯಬೇಕು. ಬಹಳ ಕೆರೆಗಳಲ್ಲಿ ಮೊನೆಯ ಹಿಂದೆ ಹಿಮ್ಮುಳ್ಳಿಲ್ಲದ ಗಾಳವೇ ಆಗಬೇಕು. ಇಷ್ಟೆಲ್ಲ ಯಾಕೆ ಅಂದರೆ, ಆ ಕೆರೆಯಲ್ಲಿರುವ ಮೀನು ಲೆಕ್ಕದವು. ಅದೇ ಮೀನನ್ನು ಹತ್ತಾರು ವರ್ಷ ಹತ್ತಾರು ಜನ ಹಿಡಿದು ಬಿಡುತ್ತಾರೆ. ಹೆಸರಿಟ್ಟು ಕರೆಯುತ್ತಾರೆ. 1952ರಲ್ಲಿ ರಿಚರ್ಡ್ ವಾಕರ್ ಅನ್ನುವ ಗಾಳಗಾರರು ಹೆರ್ಫರ್ಡ್‌ಶೈರ್‌ನ ರೆಡ್‌ಮೈರ್ ಕೊಳದಲ್ಲಿ 44 ಪೌಂಡ್ ತೂಕದ ಗೆಂಡೆ ಹಿಡಿದರು. ಅದನ್ನು ಲಂಡನ್ ಮೃಗಾಲಯಕ್ಕೆ ಕೊಟ್ಟರು. ಕ್ಲಾರಿಸ್ಸಾ ಅಂತ ಹೆಸರಾಯಿತು, ಜನ ಸಾಲುಗಟ್ಟಿ ನೋಡಿದರು. ಟೆಕ್ಸಾಸ್‌ನಲ್ಲೂ ಹೀಗೇ ಒಂದು ಮೀನಿತ್ತು. 1986ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕ 17.67 ಪೌಂಡ್ ಬಾಸ್, ಹೆಸರು ಎಥೆಲ್. ದೊಡ್ಡ ಬಾಸ್‌ಗಳನ್ನು ಮರಿ ಮಾಡಿಸೋಕೆ ರಾಜ್ಯಕ್ಕೆ ಎರವಲು ಕೊಡುವ ಕಾರ್ಯಕ್ರಮ ಇದರಿಂದಲೇ ಶುರುವಾಯಿತು. ಎಥೆಲ್ ಕೂಡ ಗಾಜಿನ ತೊಟ್ಟಿಯಲ್ಲಿ ಜನರ ಕಣ್ಮುಂದೆ ಬಾಳಿತು. ಎರಡು ಖಂಡ, ಎರಡು ಮೀನು, ಅದೇ ಅಕ್ಕರೆ.

ಇನ್ನು ಸಾರಿನ ಮಾತು. ನಮ್ಮವರು ಕೇಳೋದೇ ಇದನ್ನು, ಅಲ್ವಾ? ಅಮೆರಿಕದಲ್ಲಿ ಮಿತಿಯೊಳಗೆ ಒಯ್ಯಬಹುದು. ಅಳತೆಪಟ್ಟಿ ಜೊತೆಗಿರಲಿ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನೊಳಗಿನ ಬಾಸ್ ಬಿಡಲೇಬೇಕು. ತಿನ್ನೋಕೆ ಕ್ಯಾಟ್‌ಫಿಶ್, ಕ್ರಾಪಿ ಒಳ್ಳೆಯವು. ಅಲ್ಲಿನವರು ಜೋಳದ ಹಿಟ್ಟು ಹಚ್ಚಿ ಕರಿಯುತ್ತಾರೆ, ಹುಣಸೆಹುಳಿ ಸಾರಿಗೂ ಕ್ಯಾಟ್‌ಫಿಶ್ ಹೊಂದುತ್ತದೆ. ಆ ಕೆರೆಯ ಮೀನು ತಿನ್ನಬಹುದಾ ಅಂತ ರಾಜ್ಯದ ಆರೋಗ್ಯ ಸೂಚನೆ ನೋಡಿಕೊಂಡೇ ತಿನ್ನಿ, ಕೆಲವು ನೀರಿನಲ್ಲಿ ಪಾದರಸ ಇರುತ್ತದೆ. ಇಂಗ್ಲೆಂಡಿನ ಕೆರೆಯಿಂದ ಗೆಂಡೆ ಒಯ್ದರೆ ಅದು ಕಳ್ಳತನ. ಸಾರು ಬೇಕಾದವರು ಅಲ್ಲಿ ಸಮುದ್ರಕ್ಕೆ ಹೋಗಿ. ದಡದಿಂದ ಸಮುದ್ರದ ಗಾಳಕ್ಕೆ ರಾಡ್ ಲೈಸೆನ್ಸ್ ಬೇಡ. ಬೇಸಿಗೆಯಲ್ಲಿ ಮ್ಯಾಕೆರೆಲ್ ಬರುತ್ತದೆ, ನಮ್ಮ ಬಂಗುಡೆಯ ಹತ್ತಿರದ ನಂಟ. ಮಂಗಳೂರು ಮಸಾಲೆ ಹಾಕಿದರೆ ಊರೇ ಬಂದಂತೆ.

ಜರ್ಮನಿಯಲ್ಲಿ ಮಾತು ತಿರುಗುತ್ತದೆ. ಪ್ರಾಣಿಗಳಿಗೆ ಸಕಾರಣವಿಲ್ಲದೆ ನೋವು ಕೊಡಬಾರದು ಅನ್ನುವುದು ಅಲ್ಲಿನ ಕಾನೂನು. ಸುಮ್ನೆ ಆಟಕ್ಕೆ ಹಿಡಿದು ಬಿಡುವುದು ಸಕಾರಣ ಆಗುವುದಿಲ್ಲ. ತಿನ್ನೋಕೆ ಅಂತಲೇ ಹೋಗಬೇಕು. ಹಿಡಿದ ಮೀನಿನ ತಲೆಗೆ ಹೊಡೆದು ಮೊದಲು ಎಚ್ಚರ ತಪ್ಪಿಸಬೇಕು, ಆಮೇಲೆ ಕೊಲ್ಲಬೇಕು. ಸ್ವಿಟ್ಜರ್ಲೆಂಡಿನಲ್ಲೂ ಬಿಡುವ ಉದ್ದೇಶದಿಂದಲೇ ಗಾಳ ಹಾಕುವಂತಿಲ್ಲ. ಇಂಗ್ಲೆಂಡಿನಲ್ಲಿ ಬಿಡದಿದ್ದರೆ ತಪ್ಪು, ಜರ್ಮನಿಯಲ್ಲಿ ಸುಮ್ನೆ ಬಿಟ್ಟರೆ ತಪ್ಪು. ಎರಡು ಕಡೆಯವರೂ ಹೇಳುವುದು ಮೀನಿನ ಮೇಲಿನ ಕರುಣೆಯನ್ನೇ. ನಾನು ಇಂಗ್ಲೆಂಡಿನ ಕಡೆ ವಾಲುತ್ತೇನೆ, ಆದರೆ ಜರ್ಮನರ ವಾದಕ್ಕೆ ಉತ್ತರ ಕೊಡೋದು ಸುಲಭ ಅಲ್ಲ.

ಪಂದ್ಯ

ಪಂದ್ಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ದೊಡ್ಡ ಪಂದ್ಯ ಬಾಸ್‌ಮಾಸ್ಟರ್ ಕ್ಲಾಸಿಕ್, 1971ರಲ್ಲಿ ನೆವಾಡಾದ ಲೇಕ್ ಮೀಡ್‌ನಲ್ಲಿ ಶುರುವಾಯಿತು. ವೇಗದ ದೋಣಿ, ಪ್ರಾಯೋಜಕರ ಅಂಗಿ, ಐದು ಅತ್ಯುತ್ತಮ ಮೀನಿನ ತೂಕ. ಅದನ್ನು ಕಟ್ಟಿದ ರೇ ಸ್ಕಾಟ್ ಅವರೇ 1972ರಿಂದ ಪಂದ್ಯದ ಮೀನನ್ನು ಜೀವಂತ ಬಿಡುವ ರೂಢಿ ತಂದರು. ಇಂಗ್ಲೆಂಡಿನ ಪಂದ್ಯದಲ್ಲಿ ಬೆಳಗ್ಗೆ ಚೀಟಿ ಎತ್ತಿ ಪೆಗ್ ಹಂಚುತ್ತಾರೆ. ಐದು ಗಂಟೆ ಅಲ್ಲೇ ಕೂತು ಹಿಡಿದ ಪ್ರತಿ ಮೀನೂ, ಬೆರಳುದ್ದದ್ದೂ, ಲೆಕ್ಕಕ್ಕೆ. ಕೊನೆಗೆ ಒಟ್ಟು ತೂಕ. ಕೈಚಳಕ ನೋಡಬೇಕಾದರೆ ಇದೇ ಚೆಂದ.

ಹಾಗಾದರೆ ಯಾವುದು ಕೊಳ್ಳಲಿ

ಅಮೆರಿಕಕ್ಕೆ ಹೋಗುವವರು ಏಳಡಿ ಮೀಡಿಯಂ ಸ್ಪಿನಿಂಗ್ ರಾಡು, 2500 ರೀಲು, 8–10 ಪೌಂಡ್ ದಾರ ತಗೊಳ್ಳಿ. ಒಂದು ಪ್ಯಾಕೆಟ್ ರಬ್ಬರ್ ಹುಳು, ಗಾಳ, ಸೀಸ ಸಾಕು. ದೋಣಿ ಬೇಡ. ವಾರಕ್ಕೆ ಎರಡು ದಿನ ಬಿಡುವು, ಮಕ್ಕಳು ಜೊತೆಗೆ ಇದ್ದಾರೆ ಅಂದರೆ ದಡದಿಂದಲೇ ಬೇಕಾದಷ್ಟು ಸಿಗುತ್ತದೆ.

ಇಂಗ್ಲೆಂಡಿಗೆ ಬರುವವರು 10 ಅಡಿ ಫೀಡರ್ ರಾಡು, 4000 ರೀಲು, 6 ಪೌಂಡ್ ದಾರ ತಗೊಳ್ಳಿ. ಬಲೆ, ಮ್ಯಾಟ್, ಗಾಳ ಬಿಡಿಸುವ ಕಡ್ಡಿ, ಕುರ್ಚಿ ಇವು ರಾಡಿನಷ್ಟೇ ಮುಖ್ಯ. ಬಜೆಟ್‌ನ ಅರ್ಧ ಇದಕ್ಕೇ ಇಡಿ. ಗೆಂಡೆಯ ರಾತ್ರಿ ಬೇಟೆ, ಟೆಂಟು, ಮೂರು ರಾಡು, ಅಲಾರಂ ಎಲ್ಲ ಮೊದಲ ವರ್ಷ ಬೇಡ. ಜರ್ಮನಿಗೆ ಹೋಗುವವರು ರಾಡಿಗಿಂತ ಮೊದಲು ತರಗತಿಗೆ ಹೆಸರು ಕೊಡಿ. ನೆದರ್‌ಲ್ಯಾಂಡ್ಸ್, ಸ್ವೀಡನ್‌ಗೆ ಹೋಗುವವರು ಅಮೆರಿಕದ ಲೂರ್ ಸೆಟ್ಟನ್ನೇ ಒಯ್ಯಬಹುದು. ಪೈಕ್‌ಗೆ ತಂತಿಯ ಲೀಡರ್, ಅಂದರೆ ದಾರಕ್ಕೂ ಲೂರಿಗೂ ನಡುವೆ ತಂತಿಯ ತುಂಡು, ಕಟ್ಟೋದು ಮರೆಯಬೇಡಿ, ನೈಲಾನನ್ನು ಅದರ ಹಲ್ಲು ಕತ್ತರಿಸಿಬಿಡುತ್ತದೆ.

ಎರಡು ಖಂಡಕ್ಕೂ ಓಡಾಡುವವರು ನಾಲ್ಕು ತುಂಡಾಗುವ ಟ್ರಾವೆಲ್ ರಾಡು ಕೊಳ್ಳಿ. ಅಮೆರಿಕದ ಒಂದೇ ತುಂಡಿನ ಏಳಡಿ ರಾಡು ವಿಮಾನದ ಲಗೇಜಿಗೆ ಕಷ್ಟ. ಹೊಸ ನೀರಿಗೆ ಹೋಗುವ ಮೊದಲು ಬಲೆ, ಮ್ಯಾಟ್, ಬೂಟು ತೊಳೆದು ಪೂರ್ತಿ ಒಣಗಿಸಿ. ಒಂದು ಕೆರೆಯ ಚಿಪ್ಪುಹುಳು, ರೋಗ ಇನ್ನೊಂದಕ್ಕೆ ಹೋಗಬಾರದು.

ಆ ಟೆಕ್ಸಾಸ್ ರಾಡು ಈಗಲೂ ನನ್ನ ಹತ್ತಿರ ಇದೆ. ಚಳಿಗಾಲದಲ್ಲಿ ಕೆನೆಟ್ ಕಾಲುವೆಯಲ್ಲಿ ಪರ್ಚ್‌ಗೆ ಅದನ್ನೇ ಒಯ್ಯುತ್ತೇನೆ, ಚಿಕ್ಕ ರಬ್ಬರ್ ಹುಳು ಹಾಕಿ. ಬೇಸಿಗೆಯಲ್ಲಿ ನನ್ನ ಮಗಳು ವಿಪ್ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಕಳೆದ ಜೂನ್‌ನಲ್ಲಿ ಅವಳ ಬೆಂಡು ಎರಡು ಸಲ ಕುಣಿದು ಪಕ್ಕಕ್ಕೆ ಜಾರಿ ಮುಳುಗಿತು. ಕೈಯಗಲದ ರೋಚ್ ಬಂತು, ಕೆಂಪು ರೆಕ್ಕೆ, ಬೆಳ್ಳಿ ಮೈ. ಅವಳು ಯಾರೂ ಹೇಳದೆಯೇ ಮೊದಲು ಎರಡೂ ಕೈಯನ್ನು ನೀರಿಗದ್ದಿ ಒದ್ದೆ ಮಾಡಿಕೊಂಡಳು.